ಶಾಂತಿರಾಜ ಮಾಸ್ಟ್ರು ಕರೆಯದ ಹೆಸರು

ನಮ್ಮ ಶಾಲೆಯಲ್ಲಿ ಹಾಜರಿ ತಲೆಕೆಳಗಾಗಿ ನಡೆಯುತ್ತಿತ್ತು. ಬೇರೆ ಕಡೆ ಮಾಸ್ಟ್ರು ಹೆಸರು ಕರೆಯುತ್ತಾರೆ, ಮಕ್ಕಳು ಎದ್ದು ‘ಹಾಜರ್’ ಎನ್ನುತ್ತಾರೆ. ಶಾಂತಿರಾಜ ಮಾಸ್ಟ್ರು ಮಾತ್ರ ಹಾಜರಿ ಪುಸ್ತಕ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ತಲೆ ತಗ್ಗಿಸಿ ಸುಮ್ಮನೆ ಕೂರುತ್ತಿದ್ದರು. ಮುಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದು ನಮ್ಮ ಹೆಸರನ್ನು ನಾವೇ ಹೇಳಬೇಕು, ಅವರು ಗುರುತು ಹಾಕಿಕೊಳ್ಳಬೇಕು. ಪೋಲಿ ಹುಡುಗರು ಶಾಲೆಗೆ ಬಾರದ ಗೆಳೆಯರ ಹೆಸರನ್ನೂ ಸೇರಿಸಿ ಕೂಗಿಬಿಡುತ್ತಿದ್ದರು. ಸ್ವರ ಬೇರೆಯದೆಂದು ಗೊತ್ತಾದರೂ ಮಾಸ್ಟ್ರು ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಶಾಲೆಗೆ ಬಂದ ಇನ್ಸ್‌ಪೆಕ್ಟರು ಇದೇನು ಹೊಸ ಪದ್ಧತಿ ಎಂದು ಕೇಳಿದಾಗ, ‘ಅವರವರ ಹೆಸರು ಅವರವರಿಗೆ ಸರಿಯಾಗಿ ಗೊತ್ತುಂಟು ಸರ್. ನನಗೆ ತಪ್ಪಿ ಹೋಗ್ತದೆ’ ಎಂದರು. ಇನ್ಸ್‌ಪೆಕ್ಟರು ನಕ್ಕರು. ನಾವೂ ನಕ್ಕೆವು. ಮಾಸ್ಟ್ರು ನಗಲಿಲ್ಲ.

ಶಾಂತಿ ಇದ್ದದ್ದು ಅವರ ಹೆಸರಿನಲ್ಲಿ ಮಾತ್ರ. ಉದ್ದನೆಯ ಆಳು, ಮೂಗಿನ ತುದಿಯಲ್ಲೇ ಸಿಟ್ಟು. ಸುಣ್ಣದ ಕಡ್ಡಿ ಮುರಿದರೆ ಸಿಟ್ಟು, ಕೊಡೆ ಬಿಡಿಸಲು ಬಾರದಿದ್ದರೆ ಸಿಟ್ಟು, ಮಗ್ಗಿ ಹೇಳುವಾಗ ಯಾರಾದರೂ ತೂಕಡಿಸಿದರೆ ಸಿಟ್ಟು. ಆದರೆ ಆ ಸಿಟ್ಟಿನ ಆಯುಷ್ಯ ಬಹಳ ಕಡಿಮೆ. ಬೈದ ಹುಡುಗನ ಹತ್ತಿರವೇ ಹೋಗಿ ಜೇಬಿನಿಂದ ಲವಂಗ ತೆಗೆದು ಕೊಡುತ್ತಿದ್ದರು. ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲು ಅವರ ರಾತ್ರಿಯ ಊಟ ಮುಗಿಯಬೇಕು. ಬೆಳ್ತಂಗಡಿ ತಾಲೂಕಿನ ಒಳಗಿನ ನಮ್ಮ ಹಳ್ಳಿಯಲ್ಲಿ ಕೋಣೆ ಹಿಡಿದಿದ್ದ ಅವರು ಸಂಜೆ ಗಂಟೆ ಬಾರಿಸಿದ್ದೇ ತಡ, ಅಕ್ಕಿ ತೊಳೆಯಲು ಓಡುವುದು ನಮಗೆಲ್ಲ ಒಂದು ತಮಾಷೆ. ನಾವು ಗದ್ದೆ ಬದುವಿನಲ್ಲಿ ನಿಂತು, ಸೂರ್ಯ ಗೆಲ್ಲುತ್ತಾನೋ ಮಾಸ್ಟ್ರು ಗೆಲ್ಲುತ್ತಾರೋ ಎಂದು ನೋಡುತ್ತಿದ್ದೆವು.

ಹಾಜರಿ ಹೀಗಾದದ್ದು ನಾನು ಎರಡನೇ ಕ್ಲಾಸಿಗೆ ಬಂದ ಮೇಲೆ. ಮೊದಲ ವರ್ಷ ಹೀಗಿರಲಿಲ್ಲ. ಆಗ ಮಾಸ್ಟ್ರು ಗಂಟಲು ಸರಿ ಮಾಡಿಕೊಂಡು, ಒಂದೊಂದು ಹೆಸರನ್ನೂ ರಾಗದಲ್ಲಿ ಎಂಬಂತೆ ಕರೆಯುತ್ತಿದ್ದರು. ಕರೆಯುವುದರಲ್ಲಿ ಅವರಿಗೆ ಸುಖವಿತ್ತು, ಯಾಕೆಂದರೆ ಅರ್ಧ ಹೆಸರುಗಳು ಅವರೇ ಇಟ್ಟವು. ನಮ್ಮ ಕಡೆ ಆಗ ಮಕ್ಕಳಿಗೆ ಹುಟ್ಟಿದ ವಾರದ ಹೆಸರಿಡುವುದು ವಾಡಿಕೆ. ಆದಿತ್ಯವಾರ ಹುಟ್ಟಿದವನು ಐತ, ಶನಿವಾರದವನು ತನಿಯ. ಶುಕ್ರವಾರ ಹುಟ್ಟಿದ ನಾನು ತುಕ್ರು. ನನ್ನ ಅಪ್ಪ ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದ ದಿನ ಮಾಸ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಈ ಹೆಸರು ಹಿಡ್ಕೊಂಡು ಮಂಗಳೂರಿಗೆ ಹೋಗ್ಲಿಕ್ಕೆ ಆಗ್ತದಾ? ಶಾರದಾ ಅಂತ ಬರೀತೇನೆ’ ಎಂದರು. ಅಪ್ಪ ಕೈಮುಗಿದರು. ನಾನು ಮನೆಗೆ ಬರುವ ದಾರಿಯುದ್ದಕ್ಕೂ ಶಾರದಾ ಶಾರದಾ ಎಂದು ಹೇಳಿಕೊಂಡು ಬಂದೆ. ನನಗೆ ಆ ಹೆಸರು ಹೊಸ ಲಂಗದ ಹಾಗೆ ಸಂತೋಷ ಕೊಟ್ಟಿತು. ಅದನ್ನು ಈಗ ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತದೆ.

ನಾಚಿಕೆ ಯಾಕೆಂದರೆ ಅದೇ ದಿನ, ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವಳು ಬಲ್ಲಾಳ್ತಿ.

ಬಲ್ಲಾಳ್ತಿ ಎಂಬುದು ನಮ್ಮ ಕಡೆ ಹುಡುಗಿಯರಿಗೆ ಇಡುವ ಹೆಸರಲ್ಲ. ಅದು ಪಟ್ಟ. ತುಳುನಾಡಿನ ಸಣ್ಣ ಸಣ್ಣ ಸೀಮೆಗಳನ್ನು ಆಳಿದ ಅರಸು ಮನೆತನದ ಗಂಡಸು ಬಲ್ಲಾಳ, ಹೆಂಗಸು ಬಲ್ಲಾಳ್ತಿ. ಅವರ ದೊಡ್ಡ ಮನೆಗೆ ಬೀಡು ಎನ್ನುತ್ತಾರೆ. ನಮ್ಮ ಹಳ್ಳಿಯಲ್ಲೂ ಒಂದು ಬೀಡು ಇತ್ತು, ಊರಿನ ಗದ್ದೆಗಳೆಲ್ಲ ಒಂದು ಕಾಲದಲ್ಲಿ ಅದರದ್ದೇ. ಆ ಬೀಡಿನ ಗೇಣಿದಾರರಲ್ಲಿ ಒಬ್ಬರ ಮಗಳು ನನ್ನ ಜೊತೆಯ ಈ ಹುಡುಗಿ. ಅವಳಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲವಂತೆ. ಇವಳು ಹುಟ್ಟಿದಾಗ ಅವಳ ಅಮ್ಮ ಮಗುವನ್ನು ಅಕ್ಕಿ ಕೇರುವ ತಡ್ಪೆಯಲ್ಲಿ ಮಲಗಿಸಿ, ಬೀಡಿನ ಚಾವಡಿಯ ಮೆಟ್ಟಿಲ ಮೇಲೆ ಇಟ್ಟು, ಹಿಂದಿರುಗಿ ನೋಡದೆ ಅಂಗಳದ ಕೊನೆಗೆ ಹೋಗಿ ನಿಂತಳು. ಬೀಡಿನ ಮುದಿ ಒಡತಿ ಹೊರಗೆ ಬಂದು ಮಗುವನ್ನು ಎತ್ತಿಕೊಂಡರು. ತಡ್ಪೆಗೆ ಅಕ್ಕಿ ತುಂಬಿಸಿ ಕೊಟ್ಟು ಮಗುವನ್ನು ಕೊಂಡುಕೊಂಡರು. ಆಮೇಲೆ ಸಾಕಲಿಕ್ಕೆಂದು ಅದೇ ತಾಯಿಯ ಕೈಗೆ ಹಿಂದೆ ಕೊಟ್ಟರು. ಇನ್ನು ಇದು ಬೀಡಿನ ಮಗು, ಯಮ ಗುಡಿಸಲಿನ ಮಗುವನ್ನು ಹುಡುಕಿಕೊಂಡು ಬಂದರೆ ಅಂಥ ಮಗುವೇ ಇಲ್ಲ, ಇದರ ಹೆಸರು ಬಲ್ಲಾಳ್ತಿ ಎಂದರಂತೆ. ತನ್ನ ಪಟ್ಟವನ್ನೇ ಹೆಸರಾಗಿ ಕೊಟ್ಟರು. ಮಗು ಬದುಕಿತು. ಒಡತಿ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ಕಂಡದ್ದು ಇಷ್ಟೆ: ಅವಳ ಅಪ್ಪ ಹೆಸರು ಹೇಳಿದರು, ಮಾಸ್ಟ್ರ ಪೆನ್ನು ನಿಂತಿತು, ಅವರ ಕಿವಿ ಕೆಂಪಾಯಿತು. ಇನ್ನೊಮ್ಮೆ ಹೇಳಲು ಹೇಳಿದರು. ಅವಳ ಅಪ್ಪ ಇನ್ನೊಮ್ಮೆ ಹೇಳಿದರು. ಮಾಸ್ಟ್ರು ಏನೂ ಮಾತಾಡದೆ ‘ವಿಮಲಾ’ ಎಂದು ಬರೆದು, ಮುಂದಿನವರನ್ನು ಕರೆದರು.

ವಿಮಲಾ ಎಂದು ಕರೆದರೆ ಅವಳು ಏಳುತ್ತಿರಲಿಲ್ಲ. ಹಟವಲ್ಲ. ಅದು ತನ್ನ ಹೆಸರೆಂದು ಅವಳಿಗೆ ಅನ್ನಿಸಲೇ ಇಲ್ಲ. ಪಕ್ಕದಲ್ಲಿ ಕೂತ ನಾನು ಮೊಣಕೈಯಿಂದ ತಿವಿದರೆ, ‘ಅದು ನಾನಲ್ಲ’ ಎಂದು ತುಳುವಿನಲ್ಲಿ ಪಿಸುಗುಟ್ಟುತ್ತಿದ್ದಳು. ಮಾಸ್ಟ್ರು ದಿನವೂ ಕರೆಯುವುದು, ಅವಳು ದಿನವೂ ಕಿಟಕಿಯ ಹೊರಗೆ ನೋಡುವುದು. ಮಾಸ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಅವಳು ನಿಂತಳು, ಆದರೆ ‘ಹಾಜರ್’ ಎನ್ನಲಿಲ್ಲ. ಕೊನೆಗೆ ಯಾರೋ ಮಕ್ಕಳು ಮನೆಯಲ್ಲಿ ಹೇಳಿ, ಒಂದು ಬೆಳಿಗ್ಗೆ ಅವಳ ಅಮ್ಮ ಶಾಲೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಬೀಡಿಯ ಎಲೆಯ ಕಟ್ಟು ಹಾಗೆಯೇ ಇತ್ತು. ಮಗುವಿನ ಹೆಸರು ತೆಗೆದರೆ ಮಗು ಹೋಗುತ್ತದೆ ಎಂಬುದು ಅವಳ ಹೆದರಿಕೆ. ಅದು ಬೀಡಿನ ಅಮ್ಮ ಕೊಟ್ಟ ಹೆಸರು, ಹಾಗೆಯೇ ಬರೆಯಿರಿ ಎಂದು ಅಂಗಲಾಚಿ ಕೇಳಿದಳು.

‘ಬಲ್ಲಾಳ್ತಿ ಅಂದ್ರೆ ಪಟ್ಟ, ಹೆಸರಲ್ಲ. ಅಮ್ಮ ಕೊಟ್ಟದ್ದಕ್ಕೆ ಸಾಕ್ಷಿ ಉಂಟಾ?’ ಎಂದರು ಮಾಸ್ಟ್ರು.

ಅದು ಸಾಕ್ಷಿ ಕೇಳುವ ಕಾಲವೇ ಆಗಿತ್ತು. ಭೂಮಸೂದೆ ಬಂದು ಗೇಣಿದಾರರು ತಾವು ಉಳುವ ಗದ್ದೆ ತಮಗೆ ಸಿಗಬೇಕೆಂದು ಡಿಕ್ಲರೇಷನ್ ಕೊಡುತ್ತಿದ್ದರು. ಯಾರು ಉಳುತ್ತಿದ್ದದ್ದು, ಎಂದಿನಿಂದ, ನೋಡಿದವರು ಯಾರು ಎಂದು ತಾಲೂಕು ಕಚೇರಿಯಲ್ಲಿ ದಿನವೂ ಕೇಳುತ್ತಿದ್ದರು. ಇವಳ ಅಪ್ಪನೂ ಬೀಡಿನ ಮೇಲೆ ಕೊಟ್ಟಿದ್ದರು. ಗದ್ದೆಗೆ ಸಾಕ್ಷಿ ತರಬಹುದು, ಸತ್ತ ಒಡತಿಯ ಬಾಯಿಮಾತಿಗೆ ಎಲ್ಲಿಂದ ತರುವುದು? ಅವಳ ಅಮ್ಮ ಬೆಂಚಿನ ಸಾಲಿನ ನಡುವೆ ಬಂದು, ಮಗಳ ಕೈಹಿಡಿದು ಎಬ್ಬಿಸಿ, ಕರೆದುಕೊಂಡು ಹೋದಳು. ಸ್ಲೇಟು ನನ್ನ ಪಕ್ಕದಲ್ಲೇ ಉಳಿಯಿತು. ಸಂಜೆ ನಾನೇ ಅದನ್ನು ಅವರ ಮನೆಗೆ ಕೊಟ್ಟು ಬಂದೆ.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಮೊದಲ ಕೆಲವು ವಾರ ಮಾಸ್ಟ್ರು ಬಿಗಿಯಾಗಿಯೇ ಇದ್ದರು. ಆಮೇಲೆ ಏನಾಯಿತೋ, ಅವರ ಸಂಜೆಯ ಓಟ ನಿಂತಿತು. ಸೂರ್ಯ ಮುಳುಗುವವರೆಗೂ ಬಲ್ಲಾಳ್ತಿಯ ಅಂಗಳದ ತುದಿಯಲ್ಲಿ ಕೊಡೆ ಊರಿಕೊಂಡು ನಿಂತಿರುತ್ತಿದ್ದರು. ಹೆಸರು ತಿದ್ದುತ್ತೇನೆ, ಮಗುವನ್ನು ಕಳಿಸಿ ಎನ್ನುತ್ತಿದ್ದರು. ಅಮ್ಮ ತಲೆ ಎತ್ತದೆ ಬೀಡಿ ಕಟ್ಟುತ್ತಿದ್ದಳು, ಪಕ್ಕದಲ್ಲಿ ಮಗಳು ನೂಲು ಸುತ್ತಲು ಕಲಿಯುತ್ತಿದ್ದಳು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮಲ್ಲಿ ಪರಮ ಬಡವರೂ ತಪ್ಪಿಸದ ಕ್ರಮ. ಆ ಅಂಗಳದಲ್ಲಿ ಮಾಸ್ಟ್ರಿಗೆ ಅದು ಸಿಗಲಿಲ್ಲ. ಅನ್ನ ಉಣ್ಣದೆಯೇ ಮಲಗಿದ ಸಂಜೆಗಳು ಅವರಿಗೆ ಆ ವರ್ಷ ಬಹಳ ಇದ್ದಿರಬೇಕು. ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾದಾಗ ಹಾಜರಿ ತಲೆಕೆಳಗಾಗಿತ್ತು. ಹೊಸದಾಗಿ ಸೇರಿದ ಮಕ್ಕಳಲ್ಲಿ ಐತ ಐತನಾಗಿಯೇ, ಚೋಮು ಚೋಮುವಾಗಿಯೇ ಉಳಿದರು.

ನನಗೆ ಮಾತ್ರ ಶಾರದಾ ಎಂಬುದು ಗಟ್ಟಿಯಾಯಿತು. ಏಳನೇ ಕ್ಲಾಸು ಮುಗಿದಾಗ ನನ್ನ ಅಪ್ಪನನ್ನು ಒಪ್ಪಿಸಿ ಹೈಸ್ಕೂಲಿಗೆ ಕಳಿಸಿದವರು ಮಾಸ್ಟ್ರು. ಟೀಚರ್ ಟ್ರೈನಿಂಗಿಗೆ ಅರ್ಜಿ ತುಂಬಿಸಿದವರೂ ಅವರೇ. ಇವತ್ತು ನಾನು ಮೂಡುಬಿದಿರೆಯ ಹತ್ತಿರದ ತೋಡಾರಿನಲ್ಲಿ ಮನೆ ಮಾಡಿಕೊಂಡು ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರೆ, ಅದು ಅವರು ಕೊಟ್ಟದ್ದು. ಬಲ್ಲಾಳ್ತಿಗೆ ಕೊಡಬೇಕಾದದ್ದನ್ನೂ ಸೇರಿಸಿ ನನಗೇ ಕೊಟ್ಟರೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳಿಗೆ ಹೊಸ ಹೆಸರು ದಾರಿಯಾಯಿತು, ಇನ್ನೊಬ್ಬಳಿಗೆ ಗೋಡೆಯಾಯಿತು.

ನಿವೃತ್ತರಾದ ಮೇಲೆ ಮಾಸ್ಟ್ರು ಮೂಡುಬಿದಿರೆಯ ತಮ್ಮ ತಂದೆಯ ಮನೆಗೆ ಬಂದರು. ಬಸದಿಗಳ ಬೀದಿಯಲ್ಲಿ ಹಳೆಯ ಹಂಚಿನ ಮನೆ. ಹೆಂಡತಿ ತೀರಿಕೊಂಡಿದ್ದರು, ತಂಗಿಯ ಮಗಳು ಪದ್ಮಾವತಿ ನೋಡಿಕೊಳ್ಳುತ್ತಿದ್ದಳು. ಮೇಲಿನ ಮಹಡಿಯನ್ನು ಕಾಲೇಜಿಗೆ ಬರುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಊರೂರಿನಿಂದ ಬಂದ ಹುಡುಗಿಯರು. ಅವರು ಬ್ಯಾಗು ಇಳಿಸುವ ಮೊದಲೇ ಹೆಸರೇನು, ಯಾರಿಟ್ಟದ್ದು, ಅದರ ಅರ್ಥ ಗೊತ್ತುಂಟಾ ಎಂದು ಮಾಸ್ಟ್ರ ವಿಚಾರಣೆ ಆಗಬೇಕು. ಗೊತ್ತಿಲ್ಲ ಎಂದವಳಿಗೆ ಸಂಜೆಯೊಳಗೆ ಉತ್ತರ ಸಿಗುತ್ತಿತ್ತು. ಬೀದರ್ ಕಡೆಯ ಒಬ್ಬಳು ರಾಣಿ ಎಂಬವಳಿದ್ದಳು. ತನ್ನದು ಹಳೇ ಸಿನಿಮಾದ ಹೆಸರು ಎಂದು ಅವಳಿಗೆ ಬೇಸರ. ಮಾಸ್ಟ್ರು ಅವಳನ್ನು ಜಗಲಿಯಲ್ಲಿ ಕೂರಿಸಿ, ಸಂಸ್ಕೃತದ ರಾಜ್ಞೀ ಎಂಬುದು ಜನರ ಬಾಯಲ್ಲಿ, ಪ್ರಾಕೃತದಲ್ಲಿ, ಸವೆದು ಸವೆದು ರಾಣಿ ಆದ ಕಥೆ ಹೇಳಿದರು. ಹೆಸರಿನ ಕೊನೆಗೆ ಬೇಗಂ ಇದ್ದ ಇನ್ನೊಬ್ಬಳಿಗೆ, ಬೇಗಂ ಎಂಬುದು ತುರ್ಕಿಯವರ ಸರದಾರನಿಗೆ ಇದ್ದ ಬೇಗ್ ಎಂಬ ಪಟ್ಟದ ಹೆಣ್ಣು ರೂಪ ಎಂದರು. ನರ್ಸಿಂಗ್ ಓದುವ ರೆಜಿನಾ ಎಂಬವಳಿಗೆ, ಲ್ಯಾಟಿನ್ನಿನಲ್ಲಿ ನೀನೂ ರಾಣಿಯೇ, ನಿಮ್ಮ ಇಗರ್ಜಿಯಲ್ಲಿ ಮೇರಿಯಮ್ಮನನ್ನು ಹಾಗೆ ಕರೆಯುತ್ತಾರೆ ಎಂದರು. ಮೂವರನ್ನೂ ಒಂದೇ ಕೋಣೆಗೆ ಹಾಕಿ, ಒಂದು ಮಹಡಿಯಲ್ಲಿ ಮೂರು ರಾಜ್ಯ, ಒಂದೇ ಬಚ್ಚಲು ಎಂದು ತಾವೇ ನಕ್ಕರಂತೆ.

ನಾನು ಹೋದಾಗಲೂ ಇದೇ ಮಾತು. ‘ನೋಡು ಮಾರಾಯ್ತಿ, ಎಲ್ಲ ಭಾಷೆಯವರೂ ಒಂದೇ ಕೆಲಸ ಮಾಡಿದ್ದಾರೆ. ಹೆಣ್ಣು ಮಗುವಿಗೆ ರಾಜ್ಯ ಕೊಡ್ಲಿಕ್ಕೆ ಮನಸ್ಸಿಲ್ಲ, ಪಟ್ಟದ ಹೆಸರು ಮಾತ್ರ ಕೊಡ್ತಾರೆ. ನಾನು ಅದನ್ನೂ ಕೊಡ್ಲಿಲ್ಲ’ ಎನ್ನುತ್ತಿದ್ದರು.

ಎಲ್ಲ ಹೆಸರುಗಳನ್ನೂ ಸುತ್ತಿ ಅವರು ಬಂದು ನಿಲ್ಲುವುದು ಬಲ್ಲಾಳ್ತಿಯ ಹತ್ತಿರವೇ. ಬಲ್ ಎಂದರೆ ಬಲ, ಆಳ್ ಎಂದರೆ ಆಳುವವನು, ಅದರ ಹೆಣ್ಣು ರೂಪ ಬಲ್ಲಾಳ್ತಿ ಎಂದು ಬಿಡಿಸಿ ಹೇಳುತ್ತಿದ್ದರು. ಬಲ್ಲಾಳನ ಹೆಂಡತಿಯಾದ್ದರಿಂದ ಬಲ್ಲಾಳ್ತಿ ಎಂದು ಜನ ತಿಳಿದಿದ್ದಾರೆ, ನಮ್ಮ ಅಳಿಯ ಕಟ್ಟಿನಲ್ಲಿ ಹಾಗಲ್ಲ ಎನ್ನುತ್ತಿದ್ದರು. ಇಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ. ಬಲ್ಲಾಳನ ತಾಯಿ, ಅಕ್ಕ, ತಂಗಿ ಬಲ್ಲಾಳ್ತಿಯರು, ಅವರ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಪಟ್ಟ. ಗಂಡು ಆಳುತ್ತಾನೆ, ಪಟ್ಟ ಇರುವುದು ಹೆಣ್ಣಿನ ಹತ್ತಿರ. ಇದನ್ನು ತಿಳಿಯಲು ಅವರು ಶಾಸನದ ಪುಸ್ತಕಗಳನ್ನು ಓದಿದರು, ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ಮುದುಕಿಯರನ್ನು ಹುಡುಕಿಕೊಂಡು ಹೋಗಿ ತುಳುವಿನ ಕಥೆಹಾಡು ಪಾಡ್ದನ ಹಾಡಿಸಿ ಕೇಳಿದರು. ಕೊನೆಗೆ ಬೀಡಿನ ಒಬ್ಬ ವಯಸ್ಸಾದ ಹೆಂಗಸಿನಿಂದ ಅವರಿಗೆ ಬೇಕಾದದ್ದೂ ಬೇಡವಾದದ್ದೂ ತಿಳಿಯಿತು. ತಡ್ಪೆಯ ಸಂಗತಿ ನಿಜ. ಆ ದಿನ ಅಕ್ಕಿ ಅಳೆದು ಕೊಟ್ಟವರು ಆ ಹೆಂಗಸೇ. ಪಟ್ಟದ ಹೆಸರನ್ನು ಹೊರಗಿನ ಮಗುವಿಗೆ ಕೊಡುವ ಹಕ್ಕು ಒಡತಿಗೆ ಇತ್ತು, ಕೊಟ್ಟ ಮೇಲೆ ಅದು ಆ ಮಗುವಿನದ್ದು. ‘ಕೊಡುವ ಅಧಿಕಾರ ಇದ್ದವರು ಕೊಟ್ಟದ್ದನ್ನು, ಸಂಬಳದ ಮಾಸ್ಟ್ರು ನಾನು ತೆಗೆದೆ’ ಎಂದು ಅವರು ನನಗೆ ಹೇಳಿದ್ದು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ, ಬಂಟ್ವಾಳದ ಬಸ್ಸಿಗೆ ಕಾಯುತ್ತ.

ಬಲ್ಲಾಳ್ತಿಯನ್ನು ಮದುವೆ ಮಾಡಿ ಕೊಟ್ಟದ್ದು ಬಂಟ್ವಾಳಕ್ಕೆ. ಪೇಟೆಯ ಕೆಳಗೆ, ಹೊಳೆಯ ಬದಿಯಲ್ಲಿ ಮನೆ. ಮಳೆ ಜೋರಾದರೆ ನೇತ್ರಾವತಿ ಅವಳ ಅಂಗಳಕ್ಕೆ ಬಂದು ಹೋಗುತ್ತದೆ. ಅದರ ಬಗ್ಗೆ ಅವಳು ನೆಂಟರ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾಳೆ. ದಪ್ಪ ಮೈ, ದೊಡ್ಡ ನಗು, ಬೀಡಿ ಕಟ್ಟುವ ಬೆರಳುಗಳು ಮಾತಾಡುವಾಗಲೂ ನಿಲ್ಲುವುದಿಲ್ಲ. ಗಂಡ ಇಲ್ಲ, ಮಗ ಲಾರಿ ಓಡಿಸುತ್ತಾನೆ. ನನ್ನನ್ನು ಇವತ್ತಿಗೂ ತುಕ್ರು ಎಂದು ಕರೆಯುವವಳು ಅವಳೊಬ್ಬಳೇ. ಮಾಸ್ಟ್ರಿಗೆ ವಿಳಾಸ ಹುಡುಕಿಕೊಟ್ಟದ್ದು ನಾನು. ಆಮೇಲೆ ಪ್ರತಿ ವರ್ಷ ದೀಪಾವಳಿ ರಜೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುವುದು ಒಂದು ಕ್ರಮವೇ ಆಯಿತು.

ಮೊದಲ ಸಲ ಅವಳು ಮಾಸ್ಟ್ರನ್ನು ಜಗಲಿಗೆ ಕರೆಯಲಿಲ್ಲ, ಅಂಗಳದಲ್ಲಿ ಕುರ್ಚಿ ಹಾಕಿಸಿದಳು. ಎರಡನೇ ವರ್ಷ ಜಗಲಿಗೆ ಬಡ್ತಿಯಾಯಿತು. ಮತ್ತೊಂದು ವರ್ಷ ಒಂದು ತುಂಡು ಬೆಲ್ಲ ಮತ್ತು ಚೊಂಬು ನೀರು ಅವರ ಮುಂದೆ ಇಟ್ಟು ಒಳಗೆ ಹೋದಳು. ಮಾಸ್ಟ್ರು ಆ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುವಾಗ ನಾನು ಬೇರೆ ಕಡೆ ನೋಡಿದೆ. ಅವರು ಪ್ರತಿ ಸಲವೂ ಹೇಳುವುದು ಒಂದೇ ಮಾತು: ತಪ್ಪಾಯಿತು, ಬೇರೆ ಮಕ್ಕಳು ನಿನ್ನನ್ನು ತಮಾಷೆ ಮಾಡಬಾರದು ಎಂದು ಹಾಗೆ ಬರೆದೆ. ಅವಳು ಪ್ರತಿ ಸಲವೂ ಹೊಳೆ ನೀರಿನ ಮಾತು ತೆಗೆದು ಅದನ್ನು ತೇಲಿಸಿಬಿಡುತ್ತಿದ್ದಳು. ಒಮ್ಮೆ ಮಾತ್ರ ಬೀಡಿಯ ತುದಿ ಮಡಚುತ್ತ ಹೇಳಿದಳು.

‘ಅಡ್ಡಿಲ್ಲ ಅಂತ ನಾನು ಹೇಳಿಬಿಟ್ರೆ ನೀವು ಬರುವ ವರ್ಷ ಬರುವುದಿಲ್ಲ ಮಾಸ್ಟ್ರೇ. ಅದಕ್ಕೆ ಹೇಳುವುದಿಲ್ಲ.’

ನಾವು ಮೂವರೂ ನಕ್ಕೆವು. ಆದರೆ ಅವಳು ಹೇಳಲಿಲ್ಲ ಎಂಬುದೂ ನಿಜವೇ. ನಾನು ಗಮನಿಸಿದ ಇನ್ನೊಂದು ಸಂಗತಿ ಇತ್ತು. ಅಷ್ಟು ವರ್ಷಗಳಲ್ಲಿ ಮಾಸ್ಟ್ರು ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಬೇರೆಯವರ ಮುಂದೆ ಆ ಹೆಸರಿನ ಅರ್ಥ ಬಿಡಿಸಿ ಬಿಡಿಸಿ ಹೇಳುವವರು, ಅವಳ ಎದುರಿಗೆ ಬಂದರೆ ‘ಮಗಾ’ ಎನ್ನುವುದು, ಇಲ್ಲದಿದ್ದರೆ ‘ಇವರೇ’ ಎಂದು ಗೋಡೆಗೆ ಹೇಳುವುದು. ಅವಳಿಗೂ ಅದು ಗೊತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ನಾನು ಒಮ್ಮೆ ಕೇಳಿಯೇ ಬಿಟ್ಟೆ, ಯಾಕೆ ಸರ್ ಎಂದು. ಅವರು ಹೇಳಿದ ಮಾತನ್ನು ನಾನು ಅವರ ಬಾಯಿಯದ್ದಾಗಿಯೇ ಬರೆಯಬೇಕು.

‘ಆ ಬೀಡಿನ ಬಲ್ಲಾಳ್ತಿ ನನ್ನ ಅಜ್ಜಿ. ಅಮ್ಮನ ಅಮ್ಮ. ನಾನು ಆಡಿ ಬೆಳೆದದ್ದು ಆ ಚಾವಡಿಯಲ್ಲಿ. ಅಲ್ಲಿ ಯಾರಾದ್ರೂ ಬಲ್ಲಾಳ್ತಿ ಅಂತ ಹೇಳಿದ್ರೆ ಕೂತವರು ಎದ್ದು ನಿಲ್ಬೇಕು, ಮಕ್ಕಳೂ ಕೂಡ. ಅಜ್ಜಿ ಹೋದ ಮೇಲೆ ಮಾವಂದಿರ ಹತ್ತಿರ ಮಾತಿರಲಿಲ್ಲ, ಅದಕ್ಕೆ ಊರಲ್ಲಿ ಕೋಣೆ ಹಿಡಿದೆ, ನಿಮಗೆ ಮಕ್ಕಳಿಗೆ ಹೇಳ್ಲಿಲ್ಲ. ಆ ವರ್ಷ ಗದ್ದೆಗಳೆಲ್ಲ ಹೋಗ್ತಾ ಇತ್ತು. ಅದೇ ಡಿಕ್ಲರೇಷನ್ ಕೊಟ್ಟವನು ಬಂದು ಮಗಳ ಹೆಸರು ಬಲ್ಲಾಳ್ತಿ ಅಂದ. ಭೂಮಿ ಹೋಯ್ತು, ಇನ್ನು ಹೆಸರೂ ಬೇಕಾ ಇವರಿಗೆ ಅಂತ ಆಯ್ತು ನನಗೆ. ದಿನಾ ಬೆಳಿಗ್ಗೆ ಆ ಮಗುವನ್ನು ಅಜ್ಜಿಯ ಪಟ್ಟದಲ್ಲಿ ಕರೆಯುವುದು ನನ್ನಿಂದ ಆಗ್ಲಿಕ್ಕಿಲ್ಲ ಅಂತ ಬರ್ದೆ ವಿಮಲಾ. ಮಕ್ಕಳು ತಮಾಷೆ ಮಾಡ್ತಾರೆ ಅಂತ ಅಲ್ಲ. ಅದು ಸುಳ್ಳು.’

ಆ ಸುಳ್ಳನ್ನು ಅವಳಿಗೆ ಅಷ್ಟು ವರ್ಷ ಹೇಳಿದ್ದು ಅವರನ್ನು ಮೊದಲ ತಪ್ಪಿಗಿಂತ ಹೆಚ್ಚು ಸುಡುತ್ತಿತ್ತು. ಅವಳ ಮುಂದೆ ನಿಜ ಹೇಳಿ, ಎದ್ದು ನಿಂತು, ಒಮ್ಮೆ ಅವಳನ್ನು ಅವಳ ಹೆಸರಿನಿಂದ ಕರೆಯಬೇಕು ಎಂಬುದು ಅವರ ಆಸೆ. ಬಂಟ್ವಾಳದಲ್ಲಿ ಮಗ, ನೆರೆಯವರು ಎಂದು ಯಾರಾದರೂ ಇರುತ್ತಾರೆ, ಅಲ್ಲಿ ಬಾಯಿ ಬರುವುದಿಲ್ಲ. ತಮ್ಮ ಮನೆಗೆ ಅವಳನ್ನು ಒಮ್ಮೆ ಕರೆದುಕೊಂಡು ಬಾ ಎಂದರು. ಕಾಲು ಆಗಲೇ ಸೋತಿತ್ತು, ಇನ್ನು ಬಸ್ಸು ಹತ್ತುವುದು ಕಷ್ಟ ಎಂದು ಅವರಿಗೆ ಗೊತ್ತಿತ್ತು. ‘ಬೇಗ ಹೋಗಿ ಕರ್ಕೊಂಡು ಬಾ, ಆಯ್ತಾ’ ಎಂದು ಇಳಿಯುವಾಗ ಮತ್ತೊಮ್ಮೆ ಹೇಳಿದರು. ಆಯ್ತು ಸರ್ ಎಂದೆ.

ಆಯ್ತು ಎಂದದ್ದು ನಾನು. ಆಮೇಲೆ ನಡೆದದ್ದನ್ನು ಹೇಗೆ ಬರೆದರೂ ಅದು ಸಬೂಬಿನ ಪಟ್ಟಿಯಂತೆಯೇ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ಒಂದು ತರಬೇತಿ ಬಂತು, ಶಾಲೆ ಶುರುವಾಯಿತು, ಮಳೆ ಹಿಡಿಯಿತು, ಬಂಟ್ವಾಳದಲ್ಲಿ ಹೊಳೆ ಏರಿತು. ಯಾವುದೂ ಸುಳ್ಳಲ್ಲ. ಆದರೆ ತೋಡಾರಿನಿಂದ ಮೂಡುಬಿದಿರೆ ಎಷ್ಟು ದೂರ, ಮೂಡುಬಿದಿರೆಯಿಂದ ಬಂಟ್ವಾಳ ಎಷ್ಟು ದೂರ? ಒಂದು ಭಾನುವಾರದ ಕೆಲಸ. ಮಾಸ್ಟ್ರು ಪದ್ಮಾವತಿಯ ಕೈಯಲ್ಲಿ ಫೋನ್ ಮಾಡಿಸುತ್ತಿದ್ದರು. ನಾನು ಬರುವ ವಾರ ಎನ್ನುತ್ತಿದ್ದೆ. ಮಾಸ್ಟ್ರು ಎಂದರೆ ಯಾವಾಗಲೂ ಇರುವವರು ಎಂದು ನನ್ನ ಮನಸ್ಸಿನಲ್ಲಿ ಇತ್ತೋ ಏನೋ. ಅವಳಿಗೂ ನಾನು ಏನೂ ತಿಳಿಸಲಿಲ್ಲ. ಕರೆದುಕೊಂಡು ಹೋಗುವ ದಿನವೇ ಹೇಳಿದರಾಯಿತು ಎಂದುಕೊಂಡೆ. ನವರಾತ್ರಿ ಕಳೆದ ಮೇಲೆ ಪದ್ಮಾವತಿಯ ಫೋನು ಬಂತು. ಮಾಮನಿಗೆ ಒಂದು ಬದಿ ಬಲ ಇಲ್ಲ, ಆಸ್ಪತ್ರೆಯಿಂದ ಮನೆಗೆ ತಂದಿದ್ದೇವೆ, ಜನರ ಗುರುತು ಸರಿಯಾಗಿ ಸಿಗುತ್ತಿಲ್ಲ ಎಂದಳು.

ಮರುದಿನವೇ ರಜೆ ಹಾಕಿ ಬಂಟ್ವಾಳಕ್ಕೆ ಓಡಿದೆ. ಮಾಸ್ಟ್ರಿಗೆ ಹುಷಾರಿಲ್ಲ ಎಂದು ಕೇಳಿದ್ದೇ ಬಲ್ಲಾಳ್ತಿ ಸೀರೆ ಬದಲಿಸಿ, ಬೆಲ್ಲದ ಅಚ್ಚೊಂದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿ ಹಾಕಿಕೊಂಡು ಹೊರಟಳು. ನಾವು ತಲುಪುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಮೇಲಿನ ಮಹಡಿಯ ಹುಡುಗಿಯರು ಮೆಟ್ಟಿಲಲ್ಲಿ ಸದ್ದಿಲ್ಲದೆ ಕೂತಿದ್ದರು. ಮಾಸ್ಟ್ರನ್ನು ಚಾವಡಿಯ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಅಷ್ಟು ಉದ್ದದ ಆಳು ಎಲ್ಲಿ ಹೋಯಿತೋ. ನಾನು ಮುಂದೆ ಹೋಗಿ ಶಾರದಾ ಬಂದಿದ್ದೇನೆ ಸರ್ ಎಂದೆ. ಅವರು ನನ್ನನ್ನು ಬಾಡಿಗೆ ಮನೆ ಕೇಳಲು ಬಂದವರನ್ನು ನೋಡುವ ಹಾಗೆ ಸೌಜನ್ಯದಿಂದ ನೋಡಿದರು. ನನ್ನ ಹೆಸರಿಟ್ಟವರಿಗೇ ನನ್ನ ಗುರುತು ಸಿಗಲಿಲ್ಲ.

ಆಮೇಲೆ ಅವರ ಕಣ್ಣು ನನ್ನ ಹಿಂದೆ ನಿಂತವಳ ಮೇಲೆ ಹೋಯಿತು. ಅಲ್ಲಿಯೇ ನಿಂತಿತು. ಮುಖ ಬೆಳಗಿತು. ತುಟಿ ಒಂದು ಬದಿಗೆ ಎಳೆದಿತ್ತು, ಮಾತು ತೊದಲುತ್ತಿತ್ತು, ಆದರೆ ನಮ್ಮೆಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

‘ವಿಮಲಾ’ ಎಂದರು.

ಅಲ್ಲ ಸರ್, ಇವಳು... ಎಂದು ತಿದ್ದಲು ಬಾಯಿ ತೆರೆದೆ. ಬಲ್ಲಾಳ್ತಿ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆ ಹೆಸರಿಗೆ ಓಗೊಡದೆ ಅವಳು ಶಾಲೆಯನ್ನೇ ಬಿಟ್ಟವಳು, ಓದನ್ನು ಬಿಟ್ಟವಳು, ಅಷ್ಟು ವರ್ಷ ಬೀಡಿ ಕಟ್ಟಿದವಳು. ಆಮೇಲೆ ನನ್ನ ಕೈಬಿಟ್ಟು ಮಂಚದ ಹತ್ತಿರ ಹೋದಳು.

‘ಬಂದಿದ್ದೇನೆ ಮಾಸ್ಟ್ರೇ.’

‘ಇಷ್ಟು ದಿನ ಯಾಕೆ ಬರ್ಲಿಲ್ಲ?’ ಎಂದರು ಅವರು. ಬೈಯುವ ಸ್ವರವಲ್ಲ. ಕಾದು ಕಾದು ದಣಿದವರ ಸ್ವರ.

ಅವಳು ಮಂಚದ ತುದಿಯಲ್ಲಿ ಕೂತು, ಕಾಗದ ಬಿಡಿಸಿ, ಬೆಲ್ಲದ ಒಂದು ಚೂರು ಮುರಿದು ಅವರ ಬಾಯಿಗೆ ಇಟ್ಟಳು. ಪದ್ಮಾವತಿ ಚಮಚದಲ್ಲಿ ನೀರು ಕುಡಿಸಿದಳು. ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ಉತ್ತರ ಕೊಡಬೇಕಾದವಳು ನಾನು, ಕಂಬಕ್ಕೆ ಒರಗಿ ನಿಂತಿದ್ದೆ. ಮಾಸ್ಟ್ರು ಅದೇ ವಾರ ಹೋದರು. ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸಂಜೆಯ ವಾಪಸು ಬಸ್ಸು. ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಬಂಟ್ವಾಳದವರೆಗೆ ಹತ್ತಿದೆ. ಬಸ್ಸು ಸಿದ್ಧಕಟ್ಟೆ ದಾಟಿತು. ಆಮೇಲೆ ನನಗೆ ತಡೆಯಲಾಗಲಿಲ್ಲ. ಅಜ್ಜಿಯ ಕಥೆ, ಗದ್ದೆಯ ಸಿಟ್ಟು, ಮಕ್ಕಳ ತಮಾಷೆಯ ಸುಳ್ಳು, ಅವಳ ಎದುರು ಎದ್ದು ನಿಂತು ಹೆಸರು ಕರೆಯಬೇಕೆಂದಿದ್ದ ಆಸೆ, ಎಲ್ಲವನ್ನೂ ಹೇಳಿದೆ. ಅವರು ಹೇಳಬೇಕಿದ್ದ ಮಾತನ್ನು ನಾನು ಬಸ್ಸಿನ ಸದ್ದಿನಲ್ಲಿ ಹೇಳಿ ಮುಗಿಸಿದೆ. ಅವಳ ಬೆರಳುಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವುಗಳನ್ನು ಹಾಗೆ ನಾನು ನೋಡಿಯೇ ಇರಲಿಲ್ಲ.

‘ಇದನ್ನು ನಿನಗೆ ಯಾವಾಗ ಹೇಳಿದ್ದು?’ ಎಂದು ಕೇಳಿದಳು.

ಕಳೆದ ದೀಪಾವಳಿಗೆ, ನಿನ್ನ ಮನೆಯಿಂದ ಹಿಂದೆ ಬರುವಾಗ ಎಂದೆ. ಅವಳು ಮನಸ್ಸಿನಲ್ಲೇ ತಿಂಗಳು ಎಣಿಸಿದಳೆಂದು ಕಾಣುತ್ತದೆ.

‘ನನಗೆ ಬಸ್ಸು ಗೊತ್ತುಂಟಲ್ಲ ತುಕ್ರು’ ಎಂದಳು. ‘ನೀನು ಕರ್ಕೊಂಡು ಹೋಗ್ಬೇಕಂತ ಇರಲಿಲ್ಲ. ಒಂದು ಮಾತು ಹೇಳಿದ್ರೆ ನಾನೇ ಹೋಗ್ತಿದ್ದೆ.’

ಆಮೇಲೆ ಬಂಟ್ವಾಳ ಬರುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.